ತಾಳೆಯಾಗದ ಎರಡು ರಿಪೋರ್ಟು

ಗುರುವಾರ, 12 ಜೂನ್ 2025, ರಾತ್ರಿ

"ಕ್ಯಾನ್ಸರ್ ಇಲ್ಲ ಅಂತ ಬರ್ದಿದ್ದಾರಲ್ಲ ಡಾಕ್ಟ್ರೇ, ಮತ್ಯಾಕೆ ಚುಚ್ಚೋದು?" ಸ್ತನದಲ್ಲಿ ಗಂಟಿರುವ ಅಕ್ಕನ ಜೊತೆ ಬಂದಿದ್ದ ತಮ್ಮನ ಪ್ರಶ್ನೆ. ಕೇಳಿದ್ದರಲ್ಲಿ ತಪ್ಪಿಲ್ಲ. ಮೊದಲ ಸಲ ಸೂಜಿಯಲ್ಲಿ ತೆಗೆದ ಚೂರಿನ ಪೆಥಾಲಜಿ ಕಾಗದದಲ್ಲಿ ಫೈಬ್ರೊಸಿಸ್ಟಿಕ್ ಬದಲಾವಣೆ, ಅಂದರೆ ಕ್ಯಾನ್ಸರಲ್ಲದ ಬದಲಾವಣೆ, ಅಂತಲೇ ಇತ್ತು. ಆದರೆ ಅಲ್ಟ್ರಾಸೌಂಡಿನಲ್ಲಿ ಇದ್ದದ್ದು ಅಗಲಕ್ಕಿಂತ ಎತ್ತರ ಜಾಸ್ತಿಯಿರುವ, ಅಂಚೆಲ್ಲ ಮುಳ್ಳುಮುಳ್ಳಾದ, ಹಿಂದೆ ನೆರಳು ಬಿಟ್ಟ ಗಂಟು. ಸ್ತನದ ಚಿತ್ರ ನೋಡಿ ಅನುಮಾನ ಎಷ್ಟು ಅಂತ ಕೊಡೋ ದರ್ಜೆಯಲ್ಲಿ ಬೈರಾಡ್ಸ್ 4ಸಿ. ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 50 ದಾಟಿದೆ, 95 ಮುಟ್ಟಿಲ್ಲ. ಫೈಬ್ರೊಸಿಸ್ಟಿಕ್ ಅಂದರೆ ಈ ಚಿತ್ರ ಯಾಕೆ ಬಂತು ಅನ್ನೋದಕ್ಕೆ ಉತ್ತರ ಸಿಗಲ್ಲ. ತಾಳೆಯಾಗಲ್ಲ.

ರಿಪೋರ್ಟು ಸುಳ್ಳಲ್ಲಪ್ಪ, ಸೂಜಿಗೆ ಸಿಕ್ಕ ಚೂರಿನ ಮಟ್ಟಿಗೆ ನಿಜ ಅಂದೆ. ಚೂರು ಗಂಟಿನದೋ, ಪಕ್ಕದ್ದೋ?

14 ಗೇಜ್ ಸೂಜಿ, ಅದರ ಸ್ಪ್ರಿಂಗ್ ಗನ್ ಒತ್ತಿದರೆ ಎರಡು ಸೆಂಟಿಮೀಟರಷ್ಟು ಮುಂದಕ್ಕೆ ಚಿಮ್ಮುತ್ತೆ. ಗಂಟು ಸಣ್ಣದಾಗಿ ಗಟ್ಟಿಯಿದ್ದು ಸುತ್ತ ಬರೀ ಕೊಬ್ಬಿದ್ದರೆ ಗಂಟು ಪಕ್ಕಕ್ಕೆ ಜಾರುತ್ತೆ. ಅಲ್ಟ್ರಾಸೌಂಡಿನ ಪ್ರೋಬನ್ನು ಸೂಜಿಯ ಉದ್ದಕ್ಕೆ ಹಿಡಿದಾಗ ಗಂಟಿನ ನಡುಮಧ್ಯದಲ್ಲೇ ಇದ್ದ ಹಾಗೆ ಕಾಣೋ ಸೂಜಿ, 90 ಡಿಗ್ರಿ ತಿರುಗಿಸಿ ಅಡ್ಡಕ್ಕೆ ನೋಡಿದರೆ ಅಂಚಿನಿಂದಾಚೆ ಇರಬಹುದು. ಆ ಅಡ್ಡ ಚಿತ್ರವನ್ನೇ ಬಹಳ ಜನ ಉಳಿಸಿಡಲ್ಲ. ಈ ಕೇಸಿನಲ್ಲೂ ಇರಲಿಲ್ಲ. ತೆಗೆದ ಚೂರು, ಅದು ಕೆಡದಂತೆ ಹಾಕಿಡೋ ಫಾರ್ಮಲಿನ್‌ನಲ್ಲಿ ತೇಲಿದರೆ ಅಲ್ಲೇ ಅನುಮಾನ ಬರಬೇಕು, ಕೊಬ್ಬು ತೇಲುತ್ತೆ.

"ಆರು ತಿಂಗಳು ಬಿಟ್ಟು ನೋಡೋಣ್ವಾ?" ಅಂದ. ಆರು ತಿಂಗಳ ಲೆಕ್ಕ ಬೈರಾಡ್ಸ್ 3ಕ್ಕೆ, ಅಲ್ಲಿ ಅಪಾಯ ನೂರಕ್ಕೆ 2 ದಾಟಲ್ಲ. 4ಸಿಗೆ ಆ ಲೆಕ್ಕ ತಂದರೆ ಕಾಯಿಲೆಗೆ ಆರು ತಿಂಗಳು ದಾನ ಕೊಟ್ಟ ಹಾಗೆ. ಅದೇ ಥರ ಸೂಜಿಯಲ್ಲಿ ಮತ್ತೆ ಕೋರ್, ಅಂದರೆ ಚೂರು, ತೆಗೀಬೇಕು, ಇಲ್ಲವೇ ವ್ಯಾಕ್ಯೂಮ್ ಸೂಜಿಯಲ್ಲಿ ದೊಡ್ಡ ಚೂರು. ಅದೂ ತಾಳೆಯಾಗದಿದ್ದರೆ ಗಂಟನ್ನೇ ತೆಗೆಯೋದು.

ಹಾಗಂತ ಚಿತ್ರವೇ ಯಾವಾಗಲೂ ಸರಿ ಅಂತಲ್ಲ. ಗ್ರ್ಯಾನ್ಯುಲೊಮ್ಯಾಟಸ್ ಮ್ಯಾಸ್ಟೈಟಿಸ್ ಅನ್ನೋ ಸ್ತನದ ಉರಿಯೂತ, ಟಿಬಿ, ಏಟು ಬಿದ್ದ ಮೇಲೆ ಕೊಬ್ಬು ಸತ್ತು ಗಟ್ಟಿಯಾಗೋದು, ಇವೆಲ್ಲ ಥೇಟ್ ಕ್ಯಾನ್ಸರ್ ವೇಷದಲ್ಲೇ ಬರ್ತವೆ. ಅಲ್ಲಿ 'ಕ್ಯಾನ್ಸರ್ ಇಲ್ಲ' ಅನ್ನೋದನ್ನು ಒಪ್ಪಬಹುದು. ಯಾಕೆಂದರೆ ಪೆಥಾಲಜಿ ಬರೀ 'ಇಲ್ಲ' ಅನ್ನದೆ, ಇದ್ದದ್ದು ಏನು ಅಂತ ಹೆಸರಿಟ್ಟು ಹೇಳಿರುತ್ತೆ.

ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಕಾಣೋ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಗಳದು ಬೇರೆಯೇ ತಕರಾರು. ಚೂರುಗಳ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡಿರುತ್ತೆ, ಸ್ಲೈಡಿನಲ್ಲಿ ಇರಲ್ಲ. ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕಿಗೇ ಎಕ್ಸ್‌ರೇ ಹಾಕಿ ಇನ್ನೂ ಆಳಕ್ಕೆ ಕತ್ತರಿಸಬೇಕು. ಕ್ಯಾಲ್ಸಿಯಂ ಆಕ್ಸಲೇಟ್ ಆದರೆ ಮಾಮೂಲಿ ಬೆಳಕಿಗೆ ಕಣ್ಣು ತಪ್ಪಿಸುತ್ತೆ, ಪೋಲರೈಸ್ಡ್ ಬೆಳಕಿಗೆ ಥಳಥಳ ಹೊಳೆಯುತ್ತೆ. ಆದರೆ ಹುಡುಕಬೇಕು ಅಂತ ಪೆಥಾಲಜಿಯವರಿಗೆ ಗೊತ್ತಾಗೋದು ಹೇಗೆ? ಚೂರಿನ ಜೊತೆ ಕಳಿಸಿದ ಫಾರ್ಮಿನಲ್ಲಿ 'ಬಲ ಸ್ತನ, ಗಂಟು' ಅಂತ ಎರಡೂವರೆ ಪದ. ಬೈರಾಡ್ಸ್ ಇಲ್ಲ, ಗಡಿಯಾರದ ಲೆಕ್ಕದಲ್ಲಿ ಎಷ್ಟು ಗಂಟೆ ದಿಕ್ಕು ಅಂತಿಲ್ಲ, ಮೊಲೆತೊಟ್ಟಿನಿಂದ ಎಷ್ಟು ದೂರ ಅಂತಿಲ್ಲ. ಕಣ್ಣು ಕಟ್ಟಿ ಸ್ಲೈಡ್ ಓದಿಸಿದ ಹಾಗೆ. ಇದಕ್ಕೆ ನನಗೆ ಸಿಟ್ಟೇ ಬರುತ್ತೆ.

ಅಷ್ಟು ಹೊತ್ತೂ ಅಕ್ಕ ಮಾತಾಡಿರಲಿಲ್ಲ. ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ, "ಈ ಸಲ ಕರೆಕ್ಟಾಗಿ ತಗೀತೀರಲ್ಲ?" ಅಂದರು.

ನಾಳೆ ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದೇನೆ. ಶನಿವಾರ ಸಂಜೆ ತೆಗೆದರೆ ಚೂರು ಫಾರ್ಮಲಿನ್‌ನಲ್ಲೇ ಕೂತುಬಿಡುತ್ತೆ, 72 ಗಂಟೆ ಮೀರಿದರೆ ಇಆರ್, ಪಿಆರ್ ಅನ್ನೋ ಹಾರ್ಮೋನ್ ಗ್ರಾಹಕಗಳ ಟೆಸ್ಟು ನಂಬೋ ಹಾಗಿಲ್ಲ. ಅಡ್ಡ ಚಿತ್ರ ಈ ಸಲ ಪ್ರತಿ ಚೂರಿಗೂ ಒಂದೊಂದು, ಮತ್ತೆ ಫಾರ್ಮನ್ನು ಪೂರ್ತಿ ತುಂಬಬೇಕು.