ಬೆಳಗಾವಿ ಪೇಟೆಯ ಸಿಗಡಿಗೂ ಕಡಲಾಮೆಗೂ ಏನು ಸಂಬಂಧ?

ಬೆಳಗಾವಿಗೆ ಸಮುದ್ರದ ಮೀನು ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದರ ಏರುವುದು ಇಲ್ಲಿನ ಗಿರಾಕಿಗಳಿಗೆ ಗೊತ್ತೇ ಇದೆ. ಅಮೆರಿಕದ ಕಾನೂನೊಂದು ಇದೇ ವ್ಯಾಪಾರವನ್ನು ತಟ್ಟುವುದು ಅಷ್ಟಾಗಿ ಕಾಣುವುದಿಲ್ಲ.

ಕಡಲಾಮೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಟ್ರಾಲ್ ಬಲೆಯಲ್ಲಿ (ದೋಣಿ ಹಿಂದೆ ಎಳೆದೊಯ್ಯುವ ಚೀಲದಂಥ ಬಲೆ) ಹಿಡಿದ ಸಿಗಡಿಯನ್ನು ಆ ದೇಶ ಕೊಳ್ಳುವುದಿಲ್ಲ. ಭಾರತದ ಸಮುದ್ರ ಸಿಗಡಿಗೆ 2019ರಲ್ಲಿ ಬಾಗಿಲು ಹಾಕಿತು. ಕೆರೆ-ಹೊಂಡಗಳಲ್ಲಿ ಸಾಕಿದ್ದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಸಮುದ್ರದಲ್ಲಿ ಹಿಡಿದ ಮಾಲು ಬೇರೆ ದೇಶಕ್ಕೆ ಹೋಗಬೇಕು, ಇಲ್ಲವೇ ನಮ್ಮ ಪೇಟೆಗೆ.

ಪರಿಹಾರವೆಂದರೆ ಬಲೆಯ ತುದಿಚೀಲಕ್ಕೂ ಮುಂಚೆ ಓರೆಯಾಗಿ ಕಟ್ಟುವ ಸರಳುಗಳ ಚೌಕಟ್ಟು. ಸರಳುಗಳ ನಡುವೆ ಹೆಚ್ಚೆಂದರೆ 10 ಸೆಂ.ಮೀ. ಸಂದು. ಸಿಗಡಿ ತೂರಿ ಒಳಗೆ ಹೋಗುತ್ತದೆ, ಆಮೆ ಸರಳುಗಳ ಮೇಲೆ ಜಾರಿ ಬಲೆಯಲ್ಲಿ ಬಿಟ್ಟ ಕಿಂಡಿಯಿಂದ ಹೊರಬೀಳುತ್ತದೆ. ಓರೆ 30ರಿಂದ 55 ಡಿಗ್ರಿ ಇರಲೇಬೇಕು. ಹೆಚ್ಚು ನೆಟ್ಟಗಾದರೆ ಆಮೆ ಸರಳಿಗೇ ಒತ್ತಿಕೊಂಡು ಉಸಿರುಗಟ್ಟುತ್ತದೆ. ತೀರ ಮಲಗಿದರೆ ಸಿಗಡಿ ಕಿಂಡಿಯಿಂದ ಸೋರಿಹೋಗುತ್ತದೆ. ಕಸ, ಪಾಚಿ ಸಿಕ್ಕಿಕೊಂಡರೂ ಅದೇ ನಷ್ಟ. ದೋಣಿಯವರು ಇದನ್ನು ಬಿಚ್ಚಿಡುವುದಕ್ಕೆ ಮುಖ್ಯ ಕಾರಣ ಈ ಸೋರಿಕೆಯ ಭಯವೇ. ಹಾಗಾಗಿ ಚೌಕಟ್ಟು ಹಂಚಿದರೆ ಸಾಲದು, ಓರೆ ಅಳೆದು ಕಟ್ಟುವುದನ್ನು ದೋಣಿಯ ಮೇಲೆಯೇ ಕಲಿಸಬೇಕು.