ಅಡಕೆ ಸುಲಿಗೆಗೆ ಮುಂಚೆ ಸೊಂಟ: ಆರು ವಾರದ ದಾಖಲೆ

ವಾರ 1

ಅಡಕೆ ಸುಲಿಯುವ ಕಾಲ ಬರುವ ಮುಂಚೆ ಸೊಂಟ ಗಟ್ಟಿ ಮಾಡಿಕೊಳ್ಳಲು ನಾವು ಮಾಡಿದ ವ್ಯಾಯಾಮದ ದಾಖಲೆ ಇದು. ಜಾಗ: ಜಗಲಿ. ತೀರ್ಥಹಳ್ಳಿ ಕಡೆ ಮಳೆ ಇನ್ನೂ ಬಿಟ್ಟಿಲ್ಲ, ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಸಾಮಾನು: ಚಾಪೆ, ಅದರಡಿಗೆ ಮಡಚಿದ ಕಂಬಳಿ, ನಾಲ್ಕಡಿಯ ನೇರ ಕೋಲು, ಸೆಕೆಂಡು ಎಣಿಸಲು ಮೊಬೈಲು.

ಹೊತ್ತು: ಎದ್ದ ಕೂಡಲೇ ಬೇಡ, ಒಂದು ಗಂಟೆ ಕಳೆಯಲಿ. ರಾತ್ರಿಯಿಡೀ ಮಲಗಿದ್ದಾಗ ಬೆನ್ನುಮಣಿಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಆಗ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದವರೇ ಕೊಟ್ಟಿಗೆಗೆ ಹೋಗಿ ನಡು ಬಗ್ಗಿಸಿ ಸಗಣಿ ಬಾಚುವ ಮನೆಗಳಲ್ಲಿ ವ್ಯಾಯಾಮಕ್ಕಿಂತ ಮೊದಲು ಬದಲಾಗಬೇಕಾದ್ದು ಇದು. ಮೊದಲು ಹತ್ತು ನಿಮಿಷ ಓಡಾಡಿ, ಆಮೇಲೆ ಉದ್ದ ಹಿಡಿಯ ಸಾಮಾನು ಹಿಡಿದು ನೆಟ್ಟಗೆ ನಿಂತು ಬಾಚಿದರೆ ಸೊಂಟಕ್ಕೆ ಕೆಲಸ ಕಡಿಮೆ.

ಈ ವಾರ ಕಲಿತದ್ದು ಹೊಟ್ಟೆ ಬಿಗಿಯುವುದೊಂದೇ. ಪಕ್ಕೆಲುಬಿನ ಕೆಳಗೆ ಎರಡೂ ಬದಿಗೆ ಬೆರಳು ಒತ್ತಿ ಕೆಮ್ಮಿದರೆ ಬೆರಳನ್ನು ಹೊರಕ್ಕೆ ತಳ್ಳುವ ಬಿಗಿ ಸಿಗುತ್ತದೆ. ಅದರ ಕಾಲುಭಾಗದಷ್ಟು ಬಿಗಿ ಹಿಡಿದು ಉಸಿರಾಡುತ್ತಲೇ ಇರಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದು ತಪ್ಪು; ಸುತ್ತಲಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದಾಗ ಮಾತ್ರ ನಡು ಕಂಬದಂತೆ ನಿಲ್ಲುತ್ತದೆ.

ವಾರ 2

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಸಂಶೋಧಕರಾಗಿದ್ದ ಸ್ಟುವರ್ಟ್ ಮೆಕ್‌ಗಿಲ್ ಪ್ರಚಾರಕ್ಕೆ ತಂದ ಮೂರು ವ್ಯಾಯಾಮ ಶುರು. ಪ್ರತಿಯೊಂದನ್ನೂ 10 ಸೆಕೆಂಡು ಹಿಡಿದು ಬಿಡುವುದು: ಮೊದಲು 6 ಸಲ, ಅರ್ಧ ನಿಮಿಷ ಬಿಟ್ಟು 4, ಮತ್ತೆ ಬಿಟ್ಟು 2. ದಣಿದಷ್ಟೂ ಸಂಖ್ಯೆ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಸೊಂಟಕ್ಕೆ ಬೇಕಾದ್ದು ಒಮ್ಮೆಲೇ ಎತ್ತುವ ಬಲಕ್ಕಿಂತ ದಿನವಿಡೀ ಅಲುಗದೆ ನಿಲ್ಲುವ ತಾಳಿಕೆ. ನೋವಿರುವವರಿಗೆ ನೂರು ಸಿಟ್‌ಅಪ್ (ಮಲಗಿ ನಡು ಬಗ್ಗಿಸಿ ಏಳುವುದು) ಹೊಡೆಸುವುದು ಸರಿಯಲ್ಲ. ಮತ್ತೆ ಮತ್ತೆ ನಡು ಬಗ್ಗಿಸುವ ಕೆಲಸ ತೋಟದಲ್ಲೇ ಬೇಕಾದಷ್ಟಿದೆ.

ಒಂದು: ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ಚಾಚಿ, ಅಂಗೈ ಎರಡನ್ನೂ ಸೊಂಟದಡಿಯ ಟೊಳ್ಳಿನಲ್ಲಿಟ್ಟು ತಲೆ ಮತ್ತು ಭುಜವನ್ನು ಎರಡು ಬೆರಳಷ್ಟು ಎತ್ತುವುದು. ಅಂಗೈ ಮೇಲೆ ಒತ್ತು ಹೆಚ್ಚಾದರೆ ನಡು ಚಪ್ಪಟೆಯಾಗುತ್ತಿದೆ ಎಂದರ್ಥ. ಕತ್ತು ನೋವು ಬಂದರೆ ಗಲ್ಲ ಮುಂದಕ್ಕೆ ಚಾಚಿದೆಯೇ ನೋಡಿಕೊಳ್ಳಬೇಕು.

ಎರಡು: ಮಗ್ಗುಲಾಗಿ ಮೊಣಕೈ ಮತ್ತು ಮೊಣಕಾಲಿನ ಮೇಲೆ ಸೊಂಟ ಎತ್ತುವುದು. ಮೊಣಕೈ ನೇರ ಭುಜದಡಿ ಇರಲಿ, ಇಲ್ಲದಿದ್ದರೆ ಭುಜ ಹಿಡಿಯುತ್ತದೆ.

ಮೂರು: ಅಂಬೆಗಾಲಿನ ಭಂಗಿಯಲ್ಲಿ ಬಲಗೈ, ಎಡಗಾಲು ಚಾಚುವುದು, ಆಮೇಲೆ ಅದಲುಬದಲು. ಎಲ್ಲರೂ ತಪ್ಪಿದ್ದು ಇಲ್ಲೇ. ಕಾಲನ್ನು ಬೆನ್ನಿಗಿಂತ ಮೇಲೆ ಎತ್ತಿದರೆ ನಡು ಕೆಳಗೆ ಬಾಗಿ ಅಲ್ಲೇ ಚುಚ್ಚುತ್ತದೆ. ಸೊಂಟದ ಮೇಲೆ ಅಡಕೆ ಹಾಳೆಯ ತಟ್ಟೆ ಇಟ್ಟು ಅದರಲ್ಲಿ ಹಿಡಿ ಅಡಕೆ ಹಾಕಿದ್ದರಿಂದ ಯಾವ ಕಡೆ ವಾಲುತ್ತಿದೆ ಎಂಬುದು ತಕ್ಷಣ ತಿಳಿಯಿತು. ಕಾಲನ್ನು ಮೇಲೆತ್ತದೆ ಹಿಮ್ಮಡಿಯಿಂದ ಹಿಂದಿನ ಗೋಡೆ ತಳ್ಳುವಂತೆ ಚಾಚಿದರೆ ತಟ್ಟೆ ನಿಲ್ಲುತ್ತದೆ.

ವಾರ 3

ಅದೇ ಮೂರು. ಜತೆಗೆ ದಿನಕ್ಕೆ ಎರಡು ಸಲ 15 ನಿಮಿಷ ಬಿರುಸು ನಡಿಗೆ.

ಕಾಲಿಗೆ ಇಳಿಯುವ ಸೆಳೆತ ವ್ಯಾಯಾಮದಿಂದ ಹೆಚ್ಚಾದರೆ ಅದನ್ನು ಅಲ್ಲಿಗೇ ನಿಲ್ಲಿಸಬೇಕು. ಕಾಲು ಸೋತರೆ, ತೊಡೆಸಂದಿನಲ್ಲಿ ಜೋಮು ಬಂದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಎಣ್ಣೆ ಉಜ್ಜುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರದ ಜತೆ ಬರುವ, ಬಿದ್ದ ಮೇಲೆ ಬಂದ ನೋವನ್ನೂ ತಡಮಾಡದೆ ತೋರಿಸಬೇಕು. ಬರೀ ಉಳುಕಾದರೆ ವಾರಗಟ್ಟಲೆ ಮಲಗುವುದರಿಂದ ನಷ್ಟವೇ ಹೆಚ್ಚು. ಆಗುವಷ್ಟು ಓಡಾಡುತ್ತಿದ್ದರೆ ಬೇಗ ಬಿಡುತ್ತದೆ.

ವಾರ 4

ಕೋಲಿನ ಪಾಠ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದಾಗ ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರೂ ತಾಗಿರಬೇಕು. ಮೊಣಕಾಲು ಸ್ವಲ್ಪ ಸಡಿಲಿಸಿ, ಹಿಂಬದಿಯಿಂದ ಬಾಗಿಲು ತಳ್ಳುವಂತೆ ಕುಂಡೆ ಹಿಂದಕ್ಕೆ ಒಯ್ದು ಬಾಗುವುದು. ಮೂರರಲ್ಲಿ ಒಂದು ಬಿಟ್ಟರೂ ಸೊಂಟ ಬಗ್ಗಿತೆಂದು ಲೆಕ್ಕ. ದಿನಕ್ಕೆ 10 ಸಲದಂತೆ 3 ಸುತ್ತು.

ಗೊಬ್ಬರದ ಚೀಲ ಎತ್ತುವುದೂ ಇದೇ ರೀತಿ. ಯೂರಿಯಾ ಚೀಲ 45 ಕಿಲೋ, ಡಿಎಪಿ 50. ಚೀಲ ಎರಡು ಪಾದಗಳ ನಡುವೆ ಬರುವಂತೆ ನಿಲ್ಲಬೇಕು. ಒಂದಡಿ ದೂರವಿಟ್ಟು ಎತ್ತಿದರೆ ಅದೇ ಭಾರ ಸೊಂಟಕ್ಕೆ ಹಲವು ಪಟ್ಟಾಗುತ್ತದೆ. ಎತ್ತಿಕೊಂಡು ನಡು ತಿರುಚುವುದೇ ಸೊಂಟ ಹಿಡಿಸುವ ಗಳಿಗೆ. ಪಾದ ಎತ್ತಿಟ್ಟು ತಿರುಗಿ.

ವಾರ 5

ಸುಲಿಗೆಯ ಕೂರುವಿಕೆ. ತಗ್ಗಿನ ಮಣೆಯಲ್ಲಿ ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದು ಬೆನ್ನು ಬಿಲ್ಲಾಗುತ್ತದೆ. ಮಣೆಯ ಮೇಲೆ ಮಡಚಿದ ಗೋಣಿಚೀಲ ಹಾಕಿ, ಸೊಂಟ ಮೊಣಕಾಲಿಗಿಂತ ಮೇಲೆ ಬರುವಷ್ಟು ಎತ್ತರಿಸಿದೆವು. ಸುಲಿಯುವ ಕತ್ತಿಯನ್ನೂ ಅಷ್ಟೇ ಎತ್ತರಿಸಬೇಕು, ಇಲ್ಲದಿದ್ದರೆ ಮತ್ತೆ ಬಾಗುವುದೇ. ಅರ್ಧ ಗಂಟೆಗೊಮ್ಮೆ ಎದ್ದು ಎರಡೂ ಕೈ ಮೇಲೆತ್ತಿ ನಾಲ್ಕು ಉಸಿರು. ಕೂತಲ್ಲಿಂದ ಎದ್ದವರು ಕೂಡಲೇ ಬುಟ್ಟಿ ಎತ್ತಬಾರದು.

ವಾರ 6

ಮಗ್ಗುಲು ಭಂಗಿ ಈಗ ಮೊಣಕಾಲು ಬಿಟ್ಟು ಪಾದದ ಮೇಲೆ. ಒಂದೇ ಸಲಕ್ಕೆ ಹಿಡಿಯಲಾದದ್ದು ಮೊದಲು ಎಡ 22, ಬಲ 31 ಸೆಕೆಂಡಿತ್ತು. ಈಗ ಎಡ 33, ಬಲ 37. ಯಾವಾಗಲೂ ಒಂದೇ ಹೆಗಲಿಗೆ ಹೊರೆ ಏರಿಸುವವರಲ್ಲಿ ಎಡಬಲದ ಈ ಅಂತರ ಸಾಮಾನ್ಯ. ಅದಕ್ಕೆ ಎಡಕ್ಕೆ ಒಂದು ಸುತ್ತು ಹೆಚ್ಚು, ಮತ್ತು 10 ಲೀಟರ್ ನೀರಿನ ಕೊಡಪಾನ ಒಂದೇ ಕೈಯಲ್ಲಿ ಹಿಡಿದು ನೆಟ್ಟಗೆ 30 ಹೆಜ್ಜೆ, ಆಮೇಲೆ ಕೈ ಬದಲಿಸಿ 30. ನೀರು ತುಳುಕಿದರೆ ಹೆಜ್ಜೆ ನಿಧಾನಿಸಬೇಕು. ಕೊಯ್ಲು ಶುರುವಾದ ಮೇಲೆ ಮೂರು ವ್ಯಾಯಾಮ ಮಾತ್ರ ದಿನ ಬಿಟ್ಟು ದಿನ, ಉಳಿದದ್ದನ್ನು ತೋಟವೇ ಮಾಡಿಸುತ್ತದೆ.