ಗ್ರೀಸಿಗೆ ಒಂದೇ ವಾರ ಇದ್ದರೆ ಎಲ್ಲಿಗೆ ಹೋಗಬೇಕು, ಯಾವುದನ್ನು ಬಿಡಬೇಕು?

ಗ್ರೀಸಿನಲ್ಲಿ ಜನ ವಾಸ ಇರುವ ದ್ವೀಪಗಳೇ 200ಕ್ಕಿಂತ ಜಾಸ್ತಿ. ಅಥೆನ್ಸ್, ಡೆಲ್ಫಿ, ಮೆಟಿಯೋರಾ, ಒಲಿಂಪಿಯಾ ಅಂತ ಒಳನಾಡಿನ ಜಾಗಗಳು ಬೇರೆ. ನಮ್ಮ ಕೈಲಿರುವ ರಜೆ ಮಾತ್ರ ಒಂದು ವಾರ. ಅದೇ ಒಂದು ವಾರಕ್ಕೆ ಅಥೆನ್ಸ್, ಮಿಕೊನೋಸ್, ಸ್ಯಾಂಟೊರಿನಿ, ಕ್ರೀಟ್ ಎಲ್ಲವನ್ನೂ ತುಂಬಿಸಿದ ಪ್ಯಾಕೇಜ್‌ಗಳು ಬೇಕಾದಷ್ಟು ಸಿಗುತ್ತವೆ. ನೋಡಿದರೆ ಆಸೆಯಾಗುತ್ತದೆ. ಆದರೆ ದಯವಿಟ್ಟು ಊರುಗಳನ್ನು ಎಣಿಸುವ ಮೊದಲು, ಎಷ್ಟು ಸಲ ಹಡಗು ಹತ್ತಬೇಕು ಅಂತ ಎಣಿಸಿ. ಚಿಕ್ಕ ರಜೆ ಚೆನ್ನಾಗಿ ಆಗುವುದೂ ಕೆಡುವುದೂ ಆ ಲೆಕ್ಕದಲ್ಲೇ.

ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆ. ಅತ್ತೆಗೆ ಮೊಣಕಾಲು ನೋವು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಹಾಗಾಗಿ ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ಏನು ಊಟ ಅನ್ನುವುದನ್ನು ಮೊದಲೇ ನೋಡಿಕೊಂಡು ಜಾಗಗಳನ್ನು ಆರಿಸಿದೆವು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇದು ಹೆಚ್ಚು ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಹಡಗಿನ ಲೆಕ್ಕ ಹೀಗಿದೆ. ಅಥೆನ್ಸಿನ ದೊಡ್ಡ ಬಂದರು ಪಿರೇಯಸ್. ಅಲ್ಲಿಂದ ನಾಕ್ಸೋಸ್ ದ್ವೀಪಕ್ಕೆ ದೊಡ್ಡ ಹಡಗಿನಲ್ಲಿ ಐದು ಗಂಟೆ ದಾಟುತ್ತದೆ. ಸ್ಯಾಂಟೊರಿನಿಗೆ ವೇಗದ ಹಡಗಿನಲ್ಲೇ ಸುಮಾರು ಐದು ಗಂಟೆ, ನಿಧಾನದ್ದಾದರೆ ಎಂಟು. ಇದು ನೀರಿನ ಮೇಲಿನ ಸಮಯ ಮಾತ್ರ. ಬೆಳಿಗ್ಗೆ ಎದ್ದು ರೂಮ್ ಖಾಲಿ ಮಾಡಬೇಕು, ಮೆಟ್ರೋ ಹಿಡಿಯಬೇಕು, ವಿಶಾಲವಾದ ಬಂದರಿನಲ್ಲಿ ನಿಮ್ಮ ಗೇಟ್ ಹುಡುಕಬೇಕು, ಒಂದು ಗಂಟೆ ಮೊದಲೇ ಹೋಗಿ ಕಾಯಬೇಕು. ಆ ಕಡೆ ಇಳಿದ ಮೇಲೆ ಮತ್ತೆ ಬಸ್ಸು, ಮತ್ತೆ ಹೋಟೆಲ್. ಅಂದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ದಿನ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಹೋಯಿತು ಅಂತಲೇ ತಿಳಿಯಿರಿ. ವಾರದಲ್ಲಿ ಮೂರು ದ್ವೀಪ ಇಟ್ಟುಕೊಂಡರೆ ಉಳಿಯುವುದೆಷ್ಟು ಹೇಳಿ?

ಇನ್ನೊಂದು ವಿಷಯ ನಕ್ಷೆಯದು. ದ್ವೀಪಗಳು ಎಲ್ಲ ಒಂದೇ ಕಡೆ ಇಲ್ಲ. ಕೊರ್ಫು ಪಶ್ಚಿಮದ ಅಯೋನಿಯನ್ ಸಮುದ್ರದಲ್ಲಿದೆ. ರೋಡ್ಸ್ ಟರ್ಕಿಯ ಪಕ್ಕದಲ್ಲಿದೆ. ಕ್ರೀಟ್ ಸುಮಾರು 260 ಕಿಲೋಮೀಟರ್ ಉದ್ದದ ದ್ವೀಪ. ಕ್ನಾಸಸ್ ಅರಮನೆ, ಹಾನಿಯಾ ಊರು, ಸಮಾರಿಯಾ ಕಣಿವೆ ನೋಡಬೇಕು ಅಂದರೆ ಅದೊಂದಕ್ಕೇ ಒಂದು ವಾರ ಬೇಕು. ಮೊದಲ ಸಲ ಹೋಗುವವರಿಗೆ ಅಥೆನ್ಸ್ ಜೊತೆ ಸೇರಿಸಲು ಸುಲಭವಾದದ್ದು ಸಿಕ್ಲಾಡಿಸ್ ಗುಂಪು. ಮಿಕೊನೋಸ್, ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ ಎಲ್ಲ ಅದರಲ್ಲೇ ಬರುತ್ತವೆ. ಅದರಲ್ಲಿ ಒಂದನ್ನು ಆರಿಸಿ. ತೀರಾ ಅಂದರೆ ಪಕ್ಕಪಕ್ಕದ ಎರಡು.

ನಾವು ಆರಿಸಿದ್ದು ಸ್ಯಾಂಟೊರಿನಿ ಮತ್ತು ನಾಕ್ಸೋಸ್. ಇವೆರಡರ ನಡುವೆ ಹಡಗಿನಲ್ಲಿ ಎರಡು ಗಂಟೆಯ ಆಸುಪಾಸು. ಕ್ರಮ ಬಹಳ ಮುಖ್ಯ: ದೂರದ ದ್ವೀಪಕ್ಕೆ ಮೊದಲು ಹೋಗಿ, ಹಂತ ಹಂತವಾಗಿ ಅಥೆನ್ಸಿನ ಹತ್ತಿರ ಬನ್ನಿ, ಅಥೆನ್ಸನ್ನು ಕೊನೆಗೆ ಇಟ್ಟುಕೊಳ್ಳಿ. ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಇಳಿದವರು ಅಲ್ಲಿಂದಲೇ ಒಳನಾಡಿನ ವಿಮಾನ ಹಿಡಿದು ಮುಕ್ಕಾಲು ಗಂಟೆಯಲ್ಲಿ ಸ್ಯಾಂಟೊರಿನಿ ಮುಟ್ಟಿದೆವು. ಎರಡು ಟಿಕೆಟ್ ಬೇರೆ ಬೇರೆ ತೆಗೆದುಕೊಂಡರೆ ನಡುವೆ ನಾಲ್ಕು ಗಂಟೆಯಾದರೂ ಇರಲಿ.

ಅಥೆನ್ಸ್ ಯಾಕೆ ಕೊನೆಗೆ ಅಂದರೆ, ಗಾಳಿ. ಈಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು ಹೆಚ್ಚು. ಗಾಳಿಯ ಜೋರನ್ನು ಅಳೆಯುವ ಬೋಫೋರ್ಟ್ ಮಾಪನದಲ್ಲಿ ಅದು 8ರ ಹತ್ತಿರ ಹೋದರೆ ಹಡಗುಗಳು ಹೊರಡುವಂತಿಲ್ಲ. ಚಿಕ್ಕ ವೇಗದ ಹಡಗುಗಳು ಅದಕ್ಕಿಂತ ಮೊದಲೇ ನಿಲ್ಲುತ್ತವೆ. ನಾವು ನಾಕ್ಸೋಸ್ ಬಿಡುವ ದಿನ ಅದೇ ಆಯಿತು. ಬೆಳಿಗ್ಗೆಯ ವೇಗದ ಹಡಗು ರದ್ದಾಯಿತು. ಬಂದರಿನಲ್ಲಿ ಒಂದು ದಂಪತಿಗೆ ಅವತ್ತೇ ರಾತ್ರಿ ಊರಿಗೆ ವಿಮಾನ ಇತ್ತು. ಅವರ ಮುಖ ನೋಡಲಾಗುತ್ತಿರಲಿಲ್ಲ. ನಮ್ಮದು ದೊಡ್ಡ ಹಡಗು, ತಡವಾಗಿಯಾದರೂ ಬಂತು. ನಮಗೆ ಹೋಗಿದ್ದು ಅಥೆನ್ಸಿನ ಒಂದು ಸಂಜೆ ಮಾತ್ರ. ಆದ್ದರಿಂದ ಊರಿಗೆ ಹೊರಡುವ ಹಿಂದಿನ ಎರಡು ರಾತ್ರಿಯಾದರೂ ಅಥೆನ್ಸಿನಲ್ಲೇ ಇರಿ. ಆದಷ್ಟೂ ದೊಡ್ಡ ಹಡಗನ್ನೇ ಬುಕ್ ಮಾಡಿ. ನಿಧಾನ ನಿಜ, ಆದರೆ ಕುಲುಕಾಟ ಕಡಿಮೆ, ಹೊರಗಿನ ಡೆಕ್ಕಿನಲ್ಲಿ ಕೂತು ಸಮುದ್ರ ನೋಡಬಹುದು, ಟಿಕೆಟ್ಟೂ ಅಗ್ಗ. ಹಡಗು ರದ್ದಾದರೆ ದುಡ್ಡು ವಾಪಸ್ ಅಥವಾ ಬೇರೆ ಹಡಗಿನಲ್ಲಿ ಜಾಗ ಕೇಳುವ ಹಕ್ಕು ನಿಮಗಿದೆ. ಸುಮ್ನೆ ಬಿಟ್ಟು ಬರಬೇಡಿ.

ಈಗ ಸ್ಯಾಂಟೊರಿನಿ. ಫೋಟೋದಲ್ಲಿ ಕಾಣುವ ನೀಲಿ ಗುಮ್ಮಟ, ಬಿಳಿ ಮನೆಗಳು ಇರುವುದು ಜ್ವಾಲಾಮುಖಿ ಸ್ಫೋಟಿಸಿ ಕುಸಿದು ಆದ ದೊಡ್ಡ ಕುಳಿಯ ಅಂಚಿನಲ್ಲಿ. ಆ ನೋಟ ನಿಜಕ್ಕೂ ದೊಡ್ಡದು, ಯಾವ ಫೋಟೋದಲ್ಲೂ ಸರಿಯಾಗಿ ಬರುವುದಿಲ್ಲ. ಆದರೆ ಆ ಅಂಚಿನ ಹೋಟೆಲುಗಳಿಗೆ ಮೆಟ್ಟಿಲೋ ಮೆಟ್ಟಿಲು. ಬುಕ್ ಮಾಡುವ ಮೊದಲು "ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು ಇಳಿಯಬೇಕು" ಅಂತ ಬರೆದು ಕೇಳಿ. ನಾವು ಆ ಗೋಜಿಗೇ ಹೋಗದೆ, ಇನ್ನೊಂದು ಬದಿಯ ಕಮಾರಿಯಲ್ಲಿ ಉಳಿದೆವು. ಸಪಾಟು ಜಾಗ, ಕಪ್ಪು ಕಡಲತೀರ, ಬಾಡಿಗೆಯೂ ಕಡಿಮೆ. ಅಲ್ಲಿಂದ ಮುಖ್ಯ ಊರು ಫಿರಾಕ್ಕೆ ಬಸ್ಸುಗಳಿವೆ.

ಸೂರ್ಯಾಸ್ತ ನೋಡಲು ಎಲ್ಲರೂ ಈಯಾ ಊರಿಗೆ ನುಗ್ಗುತ್ತಾರೆ. ಮುಳುಗುವ ಸೂರ್ಯನನ್ನು ನೋಡಲು ಅಷ್ಟು ಜನರ ಮಧ್ಯೆ ನಿಲ್ಲಬೇಕಾಗಿಲ್ಲ. ಈಯಾವನ್ನು ಬೆಳಿಗ್ಗೆ ಎಂಟಕ್ಕೆ ನೋಡಿ. ಪ್ರವಾಸಿ ಹಡಗುಗಳ ಜನ ಇನ್ನೂ ಮೇಲೆ ಬಂದಿರುವುದಿಲ್ಲ. ಸಂಜೆಗೆ ಇಮೆರೊವಿಗ್ಲಿ ಅಥವಾ ದ್ವೀಪದ ತುದಿಯ ಅಕ್ರೋತಿರಿ ದೀಪಸ್ತಂಭದ ಹತ್ತಿರ ಹೋಗಿ. ಕಾಲು ಗಟ್ಟಿ ಇರುವವರು ಫಿರಾದಿಂದ ಈಯಾವರೆಗೆ ಕುಳಿಯ ಅಂಚಿನಲ್ಲೇ ಸುಮಾರು 10 ಕಿಲೋಮೀಟರ್ ನಡೆಯಬಹುದು.

ಸ್ಯಾಂಟೊರಿನಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಕ್ರೋತಿರಿ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು. 1967ರಲ್ಲಿ ದೊಡ್ಡ ಮಟ್ಟದಲ್ಲಿ ಅಗೆಯಲು ಶುರು ಮಾಡಿದರು. ಎರಡು ಮೂರು ಅಂತಸ್ತಿನ ಮನೆಗಳು, ಬೀದಿ, ಚರಂಡಿ, ಕಾಳು ಎಣ್ಣೆ ತುಂಬಿಡುತ್ತಿದ್ದ ದೊಡ್ಡ ದೊಡ್ಡ ಮಡಕೆಗಳು ಹಾಗೇ ಇವೆ. ಮನುಷ್ಯರ ಮೂಳೆಗಳು ಮಾತ್ರ ಸಿಕ್ಕಿಲ್ಲ. ಭೂಕಂಪ ಆದಾಗಲೇ ಜನ ಊರು ಬಿಟ್ಟಿದ್ದರು ಅಂತ ತಿಳಿದವರು ಹೇಳುತ್ತಾರೆ. ಇಡೀ ಜಾಗಕ್ಕೆ ಛಾವಣಿ ಇದೆ, ನಡೆಯಲು ಹಲಗೆಯ ದಾರಿ ಇದೆ. ಬಿಸಿಲಿನ ಹೊತ್ತಿಗೂ ಮೊಣಕಾಲು ನೋವಿನವರಿಗೂ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಅತ್ತೆ ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ. ಇಲ್ಲಿನ ಗೋಡೆಚಿತ್ರಗಳಲ್ಲಿ ಕೆಲವನ್ನು ಫಿರಾದ ಮ್ಯೂಸಿಯಮ್ಮಿನಲ್ಲಿ, ಕೆಲವನ್ನು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಅಥೆನ್ಸ್ ಕೊನೆಗೆ ಬಂದರೆ ಇದೂ ಒಂದು ಲಾಭ: ಊರು ನೋಡಿದ ಮೇಲೆ ಆ ಊರಿನ ಗೋಡೆಗಳ ಬಣ್ಣ ನೋಡುತ್ತೀರಿ.

ಸ್ಯಾಂಟೊರಿನಿಗೆ ಎರಡು ರಾತ್ರಿ ಸಾಕು. ಉಳಿದದ್ದನ್ನು ನಾಕ್ಸೋಸ್‌ಗೆ ಕೊಡಿ.

ಒಂದೇ ದ್ವೀಪ ಅಂದರೆ ನಾನು ಕಣ್ಣು ಮುಚ್ಚಿ ನಾಕ್ಸೋಸ್ ಹೇಳುತ್ತೇನೆ. ಹಡಗು ಬಂದರಿಗೆ ತಿರುಗುವಾಗಲೇ ಸಮುದ್ರದಂಚಿನಲ್ಲಿ ಒಂಟಿ ಅಮೃತಶಿಲೆಯ ಬಾಗಿಲು ಕಾಣುತ್ತದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಶುರುವಾಗಿ ಪೂರ್ತಿಯಾಗದೇ ಉಳಿದ ದೇವಾಲಯದ ಬಾಗಿಲು ಅದು. ಟಿಕೆಟ್ ಇಲ್ಲ, ಗೇಟ್ ಇಲ್ಲ, ಬಂದರಿನಿಂದ ನಡೆದೇ ಹೋಗಬಹುದು. ಊರಿನ ಪಕ್ಕದಲ್ಲೇ ಅಯಿಯೋಸ್ ಯೊರ್ಗಿಯೋಸ್ ಕಡಲತೀರ, ಆಳ ಕಡಿಮೆ, ಮಕ್ಕಳಿಗೂ ಹಿರಿಯರಿಗೂ ಹೇಳಿ ಮಾಡಿಸಿದ ಜಾಗ. ಬಂದರಿನಿಂದಲೇ ಬಸ್ ಹಿಡಿದು ಒಳಗಿನ ಹಳ್ಳಿಗಳಿಗೆ ಹೋಗಿ. ಹಾಲ್ಕಿ, ಅಪೀರಾಂಥೋಸ್ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಹೋಗುವ ಬಸ್ಸಿನಷ್ಟೇ ಮುಖ್ಯ ವಾಪಸ್ ಬರುವ ಬಸ್ಸು. ಅದರ ಹೊತ್ತನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿ ಬರೆದುಕೊಳ್ಳಿ. ನಾಕ್ಸೋಸ್ ಪ್ರವಾಸಿಗರಿಗಾಗಿಯೇ ಬದುಕುವ ದ್ವೀಪ ಅಲ್ಲ. ಆಲೂಗಡ್ಡೆ ಬೆಳೆಯುತ್ತಾರೆ, ಹಸು ಕುರಿ ಸಾಕುತ್ತಾರೆ, ಅಲ್ಲಿನ ಗ್ರಾವಿಯೆರಾ ಚೀಸ್‌ಗೆ ದೇಶದಲ್ಲೆಲ್ಲ ಹೆಸರು. ಊಟದ ರುಚಿಯಲ್ಲೂ ಬೆಲೆಯಲ್ಲೂ ಅದು ಗೊತ್ತಾಗುತ್ತದೆ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ಉಪವಾಸ ಮಾಡುತ್ತಾರೆ. ಅದಕ್ಕಾಗಿಯೇ ಮಾಡುವ ಅಡುಗೆಗಳು ಎಷ್ಟೋ ಇವೆ. ಹೋಟೆಲಿನಲ್ಲಿ "ನಿಸ್ತೀಸಿಮೊ" ಇದೆಯಾ ಅಂತ ಕೇಳಿ. ಸಿಪ್ಪೆಮೀನು, ಸೀಗಡಿ ಅದರಲ್ಲಿ ಬರಬಹುದು, ಹಾಗಾಗಿ ಅದೂ ಬೇಡ ಅಂತ ಸೇರಿಸಿ ಹೇಳಿ. ಟೊಮೇಟೊ, ದಪ್ಪ ಮೆಣಸಿನಕಾಯಿಗೆ ಅನ್ನ ತುಂಬಿ ಬೇಯಿಸುವ ಗೆಮಿಸ್ತಾ, ಟೊಮೇಟೊ ಹಾಕಿದ ದೊಡ್ಡ ಬಿಳಿ ಬೀನ್ಸ್, ತರಕಾರಿ ಬೇಯಿಸಿದ ಬ್ರಿಯಾಮ್, ಬದನೆಕಾಯಿ ಗೊಜ್ಜಿನಂತಿರುವ ಮೆಲಿಝಾನೊಸಲಾಟಾ ಎಲ್ಲ ಕಡೆ ಸಿಗುತ್ತವೆ. ಗೆಮಿಸ್ತಾದಲ್ಲಿ ಕೆಲವರು ಕೈಮಾ ಹಾಕುತ್ತಾರೆ, ಕೇಳಿಯೇ ಹೇಳಿ. ಸ್ಯಾಂಟೊರಿನಿಯಲ್ಲಿ ಫಾವಾ ಬಿಡಬೇಡಿ. ಹಳದಿ ಬೇಳೆಯನ್ನು ಬೇಯಿಸಿ ಮಸೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. "ಇದಕ್ಕೊಂದು ಇಂಗಿನ ಒಗ್ಗರಣೆ ಬಿದ್ದರೆ ನಮ್ಮ ತೊವ್ವೆಯೇ ಕಣೇ" ಅಂದರು ಅತ್ತೆ. ಅವತ್ತಿನಿಂದ ದಿನಾ ಅದೇ ಊಟ.

ಅಥೆನ್ಸಿನಲ್ಲಿ ಅಕ್ರೋಪೊಲಿ ಮೆಟ್ರೋ ನಿಲ್ದಾಣದ ಆಸುಪಾಸು, ಅಂದರೆ ಕೂಕಾಕಿ ಕಡೆ, ರೂಮ್ ಹಿಡಿದರೆ ಅರ್ಧ ಓಡಾಟ ಉಳಿಯುತ್ತದೆ. ಬೆಟ್ಟದ ಮೇಲೆ ಪುರಾತನ ದೇವಾಲಯಗಳಿರುವ ಅಕ್ರೋಪೊಲಿಸ್‌ಗೆ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ಟಿನಲ್ಲಿ ಹೊತ್ತು ನಮೂದಾಗಿರುತ್ತದೆ. 2025ರ ಏಪ್ರಿಲ್‌ನಿಂದ ಅದರ ಬೆಲೆ 30 ಯೂರೋ. ಸರ್ಕಾರದ ಅಧಿಕೃತ ವೆಬ್‌ಸೈಟಿನಲ್ಲೇ ಮೊದಲೇ ತೆಗೆದುಕೊಳ್ಳಿ. ಬೆಳಿಗ್ಗೆ ಎಂಟರದ್ದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ತೀರಾ ಬಿಸಿಲಿದ್ದರೆ ಮಧ್ಯಾಹ್ನ ಮುಚ್ಚಿಬಿಡುವುದೂ ಇದೆ. ಸಾವಿರಾರು ವರ್ಷ ಜನ ನಡೆದು ನಡೆದು ಅಲ್ಲಿನ ಅಮೃತಶಿಲೆ ನುಣುಪಾಗಿದೆ, ಹಿಡಿತ ಇರುವ ಶೂ ಹಾಕಿ. ಗಾಲಿಕುರ್ಚಿಯವರಿಗೆ, ನಡೆಯಲು ಕಷ್ಟ ಇರುವವರಿಗೆ ಲಿಫ್ಟ್ ಇದೆ. ಅತ್ತೆ ಲಿಫ್ಟ್ ಬೇಡ ಅಂದರು. ದಕ್ಷಿಣದ ದ್ವಾರದಿಂದ, ಡಯೊನೈಸಸ್ ರಂಗಮಂದಿರದ ಪಕ್ಕ ನಿಂತು ನಿಂತು ಹತ್ತಿದರು. ಪಾರ್ಥೆನಾನ್ ಮುಂದೆ ನಿಂತಾಗ ಅವರು ಕೈ ಮುಗಿದರು. ದೇವಸ್ಥಾನ ಅಲ್ವಾ.

ಅಲ್ಲಿಂದ ಇಳಿದು ನೇರವಾಗಿ ಅಕ್ರೋಪೊಲಿಸ್ ಮ್ಯೂಸಿಯಮ್ಮಿಗೆ ಹೋಗಿ. ಅದಕ್ಕೆ ಬೇರೆ ಟಿಕೆಟ್. 2009ರಲ್ಲಿ ತೆರೆದದ್ದು. ಕಂಬದ ಬದಲು ತಲೆಯ ಮೇಲೆ ಚಾವಣಿ ಹೊತ್ತ ಆರು ಹೆಣ್ಣುಗಳ ಶಿಲ್ಪಗಳಲ್ಲಿ ಐದು ಇಲ್ಲಿವೆ, ಆರನೆಯದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆರನೆಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಮೇಲಂತಸ್ತಿನಲ್ಲಿ ಪಾರ್ಥೆನಾನ್‌ನ ಶಿಲ್ಪಗಳ ಸಾಲು. ಲಂಡನ್ನಿಗೆ ಹೋದವುಗಳ ಜಾಗದಲ್ಲಿ ಬಿಳಿ ಪ್ಲಾಸ್ಟರಿನ ಅಚ್ಚುಗಳಿವೆ. ಅದನ್ನು ನೋಡಿದರೆ ಈ ದೇಶದ ಜನ ಅವನ್ನು ವಾಪಸ್ ಕೇಳುವುದು ಯಾಕೆ ಅಂತ ಯಾರೂ ವಿವರಿಸಬೇಕಾಗಿಲ್ಲ. ನನಗಂತೂ ಹೊಟ್ಟೆ ಉರಿಯಿತು.

ಕೆಲವು ಸಣ್ಣ ವಿಷಯಗಳು. ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವಿಮೆ ಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೋಟೆಲಿನವರು ಬಾಡಿಗೆಯ ಮೇಲೆ ಪ್ರತಿ ರಾತ್ರಿಗೆ ಸರ್ಕಾರದ ಶುಲ್ಕ ತೆಗೆದುಕೊಳ್ಳುತ್ತಾರೆ. ನಾಲ್ಕು ಸ್ಟಾರ್ ರೂಮಿಗೆ ಅದು 10 ಯೂರೋ, ಬುಕಿಂಗ್ ಬೆಲೆಯಲ್ಲಿ ಬಹಳ ಸಲ ಸೇರಿರುವುದಿಲ್ಲ. ವಿಮಾನ ನಿಲ್ದಾಣದಿಂದ ಊರೊಳಗೆ ಮೆಟ್ರೋ ಇದೆ, ಸುಮಾರು 40 ನಿಮಿಷ. ಮೆಟ್ರೋದಲ್ಲಿ ಜೇಬುಗಳ್ಳರ ಕಾಟ ಇದೆ, ಬ್ಯಾಗು ಎದೆಗೆ ಹಾಕಿಕೊಳ್ಳಿ.

ಚಳಿಗಾಲದಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರು ದ್ವೀಪಗಳನ್ನು ಬಿಟ್ಟುಬಿಡಿ. ಅಲ್ಲಿ ಹೋಟೆಲುಗಳೇ ಬಹುಪಾಲು ಮುಚ್ಚಿರುತ್ತವೆ. ಅಥೆನ್ಸಿನ ಜೊತೆ ನಾಫ್‌ಪ್ಲಿಯೊ ಸೇರಿಸಿ. 1834ರಲ್ಲಿ ರಾಜಧಾನಿ ಅಥೆನ್ಸಿಗೆ ಹೋಗುವ ಮೊದಲು ಇದೇ ರಾಜಧಾನಿಯಾಗಿತ್ತು. ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆ. ಗಾಳಿಯ ಭಯ ಇಲ್ಲ, ಹಡಗಿನ ಕಾಯುವಿಕೆ ಇಲ್ಲ. ಮೇಲಿನ ಪಲಮಿಡಿ ಕೋಟೆಗೆ 999 ಮೆಟ್ಟಿಲು ಅನ್ನುತ್ತಾರೆ, ಆದರೆ ಟ್ಯಾಕ್ಸಿ ಬಾಗಿಲವರೆಗೂ ಹೋಗುತ್ತದೆ. ಮೈಸೀನಿಯ ಸಿಂಹದ್ವಾರ, ಎಪಿಡಾರಸ್‌ನ ಕಲ್ಲಿನ ರಂಗಮಂದಿರ ಎರಡೂ ಅಲ್ಲಿಂದ ಹತ್ತಿರ. ಮೆಟಿಯೋರಾ ಮಾತ್ರ ಅಥೆನ್ಸಿನಿಂದ ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಅಲ್ಲ. ಬಂಡೆಗಳ ಮೇಲಿನ ಆ ಮಠಗಳಿಗೆ ಹೋಗಬೇಕೆಂದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ.

ನಾಲ್ಕೇ ರಾತ್ರಿ ಇರುವವರು ನಾಲ್ಕನ್ನೂ ಅಥೆನ್ಸಿನಲ್ಲೇ ಕಳೆಯಿರಿ. ದ್ವೀಪದ ಆಸೆಗೆ ಪಿರೇಯಸ್‌ನಿಂದ ಒಂದು ದಿನದ ಮಟ್ಟಿಗೆ ಹೈಡ್ರಾಕ್ಕೆ ಹೋಗಿ ಬನ್ನಿ. ಅಲ್ಲಿ ಕಾರು, ಬೈಕು ಇಲ್ಲ, ಸಾಮಾನು ಹೊರುವುದು ಕತ್ತೆ, ಹೇಸರಗತ್ತೆಗಳೇ. ಇನ್ನೂ ಹತ್ತಿರ ಬೇಕು ಅಂದರೆ ಈಜೀನಾ, ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆಯೊಳಗೆ. ಬಂದರಿನಿಂದ ಬಸ್ಸಿನಲ್ಲಿ ಅಫೈಯಾ ದೇವಾಲಯ ನೋಡಿ, ವಾಪಸ್ ಬರುವಾಗ ಬಂದರಿನ ಅಂಗಡಿಗಳಲ್ಲಿ ಪಿಸ್ತಾ ತೆಗೆದುಕೊಳ್ಳಿ. ಆ ದ್ವೀಪದ್ದೇ ಬೆಳೆ. ಕೊನೆಯ ದೋಣಿಗೆ ಕಾಯದೆ ಅದರ ಹಿಂದಿನದಕ್ಕೇ ಟಿಕೆಟ್ ಮಾಡಿಸಿ.